ಅಕ್ಷರ ಮೂಡಿಸುವ ತಂತ್ರಾಂಶಕ್ಕೆ ಹೊಸ ಸೌಲಭ್ಯ ಬೇಕೆ? ಹೀಗೆ ಕೇಳಿ

ತುಮಕೂರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಸಿದ್ಧವಾಗುತ್ತಿದೆ ಎಂದುಕೊಳ್ಳಿ. ‘ಕ್ಯಾತ್ಸಂದ್ರ’ ಎಂಬ ಊರಹೆಸರು ಕಾಗದದ ಮೇಲೆ ಸ್ವಚ್ಛವಾಗಿ ಅಚ್ಚಾಗುತ್ತದೆ. ಆದರೆ ಹಳೆಯ ಮಾನಿಟರಿನಲ್ಲಿ, ಸಣ್ಣ ಅಳತೆಯಲ್ಲಿ ‘ತ್ಸ’ದ ಒತ್ತು ಕಲಸಿಕೊಂಡು ಕಾಣುತ್ತದೆ. ಇಂಥ ದೂರು ಅಂಗಡಿಯ ಬಾಗಿಲು ದಾಟುವುದೇ ಇಲ್ಲ. ಅದನ್ನು ಸರಿಪಡಿಸಬಲ್ಲ ಮುಕ್ತ ತಂತ್ರಾಂಶದ ತಂಡಗಳಿಗೆ ಯಾರು ಬೇಕಾದರೂ ಬರೆಯಬಹುದು. ಕನ್ನಡ ಓದದವರಿಗೆ ಈ ತಪ್ಪು ಕಾಣಿಸುವುದೂ ಕಷ್ಟ, ಹಾಗಾಗಿ ನಾವೇ ಬರೆಯಬೇಕು.

ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ತೆರೆಯ ಮೇಲೆ ಕನ್ನಡ ಮೂಡಲು ಮೂವರ ಕೆಲಸ ಸೇರುತ್ತದೆ. ಅಕ್ಷರಗಳ ಆಕಾರವೂ ಕೂಡಿಕೆಯ ನಿಯಮಗಳೂ ಫಾಂಟ್‌ನಲ್ಲಿರುತ್ತವೆ. ಯಾವ ಆಕಾರ ಎಲ್ಲಿ ಕೂರಬೇಕೆಂದು ಹಾರ್ಫ್‌ಬಜ್ ಎಂಬ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ತೀರ್ಮಾನಿಸುತ್ತದೆ. ‘ಊರ್ಡಿಗೆರೆ’ಯಲ್ಲಿ ರ್ ಅನ್ನು ಮೊದಲು ಒತ್ತಿದರೂ ಅರ್ಕಾವತ್ತು ‘ಡಿ’ ಆದಮೇಲೆ ಬರುವುದು ಅದರಿಂದಲೇ. ಕೊನೆಗೆ ಆ ಆಕಾರದ ಗೆರೆಗಳನ್ನು ಪಿಕ್ಸೆಲ್‌ಗಳಾಗಿ ತುಂಬುವುದು ಫ್ರೀಟೈಪ್. ಡೇವಿಡ್ ಟರ್ನರ್ 1996ರಲ್ಲಿ ಶುರುಮಾಡಿದ ಈ ಲೈಬ್ರರಿ ಲಿನಕ್ಸ್ ಲೋಕದ ಎಲ್ಲ ಕಡೆ ಇದೆ.

ಹಾರ್ಫ್‌ಬಜ್ ಜೊತೆ ಬರುವ ಎಚ್‌ಬಿ-ಶೇಪ್ ಎಂಬ ಸಲಕರಣೆಗೆ ಫಾಂಟನ್ನೂ ಪದವನ್ನೂ ಕೊಟ್ಟರೆ ಆಯ್ಕೆಯಾದ ಆಕಾರಗಳ ಹೆಸರು, ಸ್ಥಾನಗಳನ್ನು ಸಾಲಾಗಿ ತೋರಿಸುತ್ತದೆ. ಅಲ್ಲೇ ಒತ್ತು ತಪ್ಪಿದ್ದರೆ ಫ್ರೀಟೈಪ್ ತಂಡಕ್ಕೆ ಬರೆದು ಫಲವಿಲ್ಲ. ಅಲ್ಲಿ ಸರಿಯಿದ್ದರೆ ಫ್ರೀಟೈಪ್‌ನ ಎಫ್‌ಟಿ-ಗ್ರಿಡ್ ಎಂಬ ಸಲಕರಣೆ ತೆರೆಯಿರಿ. ಒಂದೇ ಆಕಾರವನ್ನು ಪಿಕ್ಸೆಲ್ ಚೌಕಗಳ ಮೇಲೆ ಹಿಗ್ಗಿಸಿ ತೋರಿಸುತ್ತದೆ. ಹಿಂಟಿಂಗ್ (ಗೆರೆಗಳನ್ನು ಪಿಕ್ಸೆಲ್ ಚೌಕಗಳಿಗೆ ಹೊಂದಿಸುವುದು) ಹಾಕಿ, ತೆಗೆದು ಹೋಲಿಸಿ.

ಸಮಸ್ಯೆ ಹೇಳಿ, ಪರಿಹಾರ ಆಮೇಲೆ

ಫ್ರೀಟೈಪ್‌ನ ಸ್ವಯಂ-ಹಿಂಟಿಂಗ್ ಅಕ್ಷರದ ಮೇಲಂಚು, ಕೆಳಅಂಚುಗಳನ್ನು ಪಿಕ್ಸೆಲ್ ಗೆರೆಗೆ ಹೊಂದಿಸುತ್ತದೆ. ಕನ್ನಡದ ಮೇಲಂಚು ಅಳೆಯಲು ಇ, ಊ, ಐ ಮೊದಲಾದ ಅಕ್ಷರಗಳನ್ನು ಅದರ ಮೂಲಸಂಕೇತದಲ್ಲೇ (ಸೋರ್ಸ್ ಕೋಡ್) ಬರೆದಿಟ್ಟಿದ್ದಾರೆ. ಒತ್ತಕ್ಷರ ಕೂರುವುದು ಮೂಲಾಕ್ಷರದ ಕೆಳಅಂಚಿನಿಂದಲೂ ಕೆಳಗೆ. ಅಲ್ಲಿಗೂ ಒಂದು ಗೆರೆ ಬೇಕೆಂಬುದು ನಿಮ್ಮ ಬೇಡಿಕೆಯಾಗಿದ್ದರೆ ಇಷ್ಟನ್ನು ಕೊಡಿ: ಫಾಂಟ್‌ನ ಹೆಸರು ಮತ್ತು ಆವೃತ್ತಿ, ಪಿಕ್ಸೆಲ್ ಅಳತೆ, ಈಗಿನ ಚಿತ್ರ, ಆಗಬೇಕಾದ ಚಿತ್ರ. ಪದವನ್ನು ಟೈಪ್ ಮಾಡಿಯೂ ಕೊಡಿ. ‘ರ‍್ಯಾಲಿ’ಯಲ್ಲಿ ರ ಆದಮೇಲೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದಿದೆ, ಬರಿಯ ಚಿತ್ರದಲ್ಲಿ ಅದು ಸಿಗದು. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿಯಂಥ ಮುಕ್ತ ಫಾಂಟ್‌ಗಳಲ್ಲೇ ತೋರಿಸಿದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಬರೆಯುವುದು ಇಂಗ್ಲಿಷಿನಲ್ಲೇ. ವ್ಯಾಕರಣಕ್ಕೆ ಹೆದರಬೇಡಿ, ಸಣ್ಣ ವಾಕ್ಯಗಳು ಸಾಕು. ಸಲ್ಲಿಸುವ ಮುನ್ನ ಫ್ರೀಟೈಪ್‌ನ ಗಿಟ್‌ಲ್ಯಾಬ್ ತಾಣದಲ್ಲಿ, ಹಾರ್ಫ್‌ಬಜ್‌ನ ಗಿಟ್‌ಹಬ್ ತಾಣದಲ್ಲಿ ಹಳೆಯ ಬೇಡಿಕೆಗಳನ್ನು ಜಾಲಾಡಿ, ಮುಚ್ಚಿಹೋದವನ್ನೂ ಬಿಡದೆ. ಹಿಂದೆ ಯಾಕೆ ಬೇಡವೆಂದರು ಎಂಬುದು ಅಲ್ಲೇ ಇರುತ್ತದೆ.

ಅವರ ಹೊರೆ ಅರಿತುಕೊಳ್ಳಿ

ಸಾವಿರಾರು ತಂತ್ರಾಂಶಗಳು ಫ್ರೀಟೈಪ್ ಲೈಬ್ರರಿಯನ್ನು ನೆಚ್ಚಿಕೊಂಡಿವೆ. ಎಲ್ಲರಿಗೂ ತೆರೆದಿರುವ ದತ್ತಾಂಶ ರಚನೆಯ ನಡುವೆ ಒಂದೇ ಒಂದು ಅಂಶ ತೂರಿಸಿದರೂ ಮರುಕಂಪೈಲ್ ಆಗದ (ಹೊಸ ಲೈಬ್ರರಿಗೆ ತಕ್ಕಂತೆ ಮತ್ತೆ ಕಟ್ಟದ) ಹಳೆಯ ತಂತ್ರಾಂಶ ಕುಸಿಯಬಹುದು. ಆದ್ದರಿಂದ ಹೊಸ ಸೌಲಭ್ಯವನ್ನು ಮಾಡ್ಯೂಲ್‌ನ (ಲೈಬ್ರರಿಯ ಒಂದು ಭಾಗದ) ಗುಣಲಕ್ಷಣವಾಗಿ, ಬೇಕೆಂದವರು ಮಾತ್ರ ಚಾಲೂ ಮಾಡುವಂತೆ ಕೇಳುವುದು ಒಳ್ಳೆಯದು. ಫ್ರೀಟೈಪ್‌ನಲ್ಲಿ ಇಂಥ ಕೆಲವು ಗುಣಲಕ್ಷಣಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ (ಕೋಡ್ ಮುಟ್ಟದೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಮೂಲಕವೇ ಬದಲಿಸಬಹುದು. ನಿಮ್ಮದನ್ನೂ ಹಾಗೆ ಮಾಡಿದರೆ ಡಿಟಿಪಿ ಅಂಗಡಿಯವರೇ ಪರೀಕ್ಷಿಸಿ ಹೇಳಬಲ್ಲರು.

2022ರಲ್ಲಿ ಬಂದ ಫ್ರೀಟೈಪ್ 2.12 ಆವೃತ್ತಿಯನ್ನು ನೋಡಿ. ಫಾಂಟ್‌ನೊಳಗಿನ ಎಸ್‌ವಿಜಿ (ಗೆರೆಗಳಲ್ಲಿ ವಿವರಿಸಿದ ಚಿತ್ರಗಳ ಮಾದರಿ) ಚಿತ್ರಾಕ್ಷರಗಳಿಗೆ ಬೆಂಬಲ ಸೇರಿತು, ಆದರೆ ಚಿತ್ರ ಬಿಡಿಸುವ ಭಾರವನ್ನು ಫ್ರೀಟೈಪ್ ಹೊರಲಿಲ್ಲ. ಬೇರೆ ಲೈಬ್ರರಿ ಬಂದು ಸೇರಿಕೊಳ್ಳಲು ಕೊಂಡಿ ಮಾತ್ರ ಇಟ್ಟಿತು. ನಿಮ್ಮ ಬೇಡಿಕೆಯನ್ನೂ ಇಷ್ಟು ಚಿಕ್ಕದು ಮಾಡಲಾದೀತೇ ಎಂದು ಯೋಚಿಸಿ.

ಸಂಕೇತ (ಕೋಡ್) ಬರೆಯುವುದು

ಒಪ್ಪಿಗೆಯ ಸುಳಿವು ಸಿಕ್ಕಮೇಲೆ ಬರೆದರೆ ಸಾಕು. ಫ್ರೀಟೈಪ್ ಇರುವುದು ಸಿ ಭಾಷೆಯಲ್ಲಿ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೂ ದಿನವಿಡೀ ಕನ್ನಡ ಕೂರಿಸುವ ಡಿಟಿಪಿಯವರಿಗೂ ಜೊತೆಯಾಗಿ ಮಾಡಲು ಇದು ಒಳ್ಳೆಯ ಕೆಲಸ. ಕಳುಹಿಸುವ ಮುನ್ನ ದೇವನಾಗರಿ, ತೆಲುಗು, ಲ್ಯಾಟಿನ್ ಅಕ್ಷರಗಳನ್ನೂ ಅದೇ ಅಳತೆಯಲ್ಲಿ ಮೂಡಿಸಿ ನೋಡಿ. ಅವುಗಳಲ್ಲಿ ಒಂದು ಪಿಕ್ಸೆಲ್ ಅಲುಗಿದ್ದರೂ ತಂಡದವರು ಮೊದಲು ಕೇಳುವುದು ಅದನ್ನೇ.