ಕರಕುಶಲ ಮೇಳದ ಗೇಟಿನ ಹೊರಗೆ ಯಾರೂ ಉಳಿಯದ ಹಾಗೆ ಮಾಡುವುದು ಹೇಗೆ?

ಹೋದ ದಸರಾ ಹೊತ್ತಿನಲ್ಲಿ ಮೈಸೂರಿನ ಒಂದು ಮೇಳಕ್ಕೆ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಪಾರ್ಶ್ವವಾಯು ಆದಮೇಲೆ ಅವರ ಓಡಾಟ ವೀಲ್‌ಚೇರ್‌ನಲ್ಲೇ. ಗೇಟಿನ ಹತ್ತಿರ ಒಂದೇ ಒಂದು ಮೆಟ್ಟಿಲು, ಅರ್ಧ ಅಡಿ ಎತ್ತರ. ನಾಲ್ಕು ಜನ ಓಡಿ ಬಂದು 'ಎತ್ತಿಬಿಡ್ತೀವಿ ಅಮ್ಮ' ಅಂದರು, ಒಳ್ಳೆ ಮನಸ್ಸಿನಿಂದಲೇ. ಅತ್ತೆ ಸೆರಗು ಬಿಗಿಯಾಗಿ ಹಿಡಿದುಕೊಂಡು 'ಬೇಡಪ್ಪ, ಇಲ್ಲೇ ಇರ್ತೀನಿ' ಅಂದರು. ಅವರಿಗೆ ಬೇಕಾಗಿದ್ದದ್ದು ಬೀಟೆ ಮರದ ಒಂದು ಕುಂಕುಮದ ಭರಣಿ. ಮೂರು ತಂದು ತೋರಿಸಿದೆ. ತಾವೇ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಿದ ಹಾಗಾಗುತ್ತದಾ? ಆ ಮೆಟ್ಟಿಲಿಗೆ ಆರು ಅಡಿ ಹಲಗೆ ಸಾಕಿತ್ತು. ಮೇಳ ನಡೆಸುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಮಳಿಗೆಗಳಿಗೆ ಸುಣ್ಣದ ಗೆರೆ ಎಳೆಯುವ ಮುಂಚೆಯೇ ವೀಲ್‌ಚೇರ್ ಬಳಸುವ ಒಬ್ಬರನ್ನು, ಕಣ್ಣು ಕಾಣದ ಒಬ್ಬರನ್ನು ಮೈದಾನಕ್ಕೆ ಕರೆಸಿ ಅವರ ಜೊತೆ ಸುತ್ತುವುದು. ಹೋಗಿಬರುವ ಖರ್ಚು ಕೊಡಿ, ಅವರ ಸಮಯಕ್ಕೂ ದುಡ್ಡು ಕೊಡಿ. ಗೆರೆ ಎಳೆದು ಶಾಮಿಯಾನ ಹಾಕಿದ ಮೇಲೆ ಏನು ಕೇಳಿದರೂ 'ಈಗ ಆಗಲ್ಲ' ಅನ್ನೋದೇ ಉತ್ತರ ಆಗಿಬಿಡುತ್ತದೆ.

ಆಮೇಲೆ ದಾರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅದಕ್ಕಿಂತ ಕಡಿದಾಗಿದ್ದರೆ ತಳ್ಳುವವರಿಗೂ ಕಷ್ಟ, ಕೂತವರಿಗೂ ಭಯ. ಮಳಿಗೆ ಸಾಲುಗಳ ನಡುವೆ ಐದು ಅಡಿಗಿಂತ ಕಡಿಮೆ ಬಿಡಬೇಡಿ. ದಸರಾ ಮಳೆ ಗೊತ್ತಲ್ವಾ, ಒಂದು ಸಂಜೆ ಸುರಿದರೆ ಮಣ್ಣಿನಲ್ಲಿ ಚಕ್ರ ಹೂತುಕೊಳ್ಳುತ್ತದೆ, ಪ್ಲೈವುಡ್ ಹಾಸಿ. ವೈರುಗಳನ್ನು ತಲೆಯ ಮೇಲಿಂದ ಎಳೆಯಿರಿ. ಮೇಜು ಎರಡೂವರೆ ಅಡಿ ಎತ್ತರ ಸಾಕು, ಕೆಳಗೆ ಪೆಟ್ಟಿಗೆ ತುರುಕಬೇಡಿ, ಅಲ್ಲಿ ಮೊಣಕಾಲು ಹೋಗಬೇಕು. ಶೌಚಾಲಯದ ಬಾಗಿಲು ಮೂರು ಅಡಿ ಅಗಲ ಇರಲಿ.

ಮೇಳಕ್ಕೆ ಬಂದವರಿಗೆ ಮುಟ್ಟಿ ನೋಡುವುದೇ ಅರ್ಧ ಖುಷಿ. ಅದಕ್ಕೇ ಕಣ್ಣು ಕಾಣದವರಿಗಾಗಿ ಒಂದು 'ಮುಟ್ಟಿ ನೋಡಿ' ಮೇಜು ಬೇಕೇ ಬೇಕು. ಮೈಸೂರು ಇನ್‌ಲೇ ಕೆಲಸವನ್ನೇ ತಗೊಳ್ಳಿ. ಬೀಟೆ ಮರದಲ್ಲಿ ಚಿತ್ರದ ಆಕಾರಕ್ಕೆ ಗುಳಿ ಕೊರೆದು, ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ, ಉಜ್ಜಿ ನಯ ಮಾಡುತ್ತಾರೆ. ಎಷ್ಟು ನಯ ಅಂದರೆ ಮುಗಿದ ಆನೆಯ ಚಿತ್ರದ ಮೇಲೆ ಬೆರಳಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಗುಳಿ ಮಾತ್ರ ಕೊರೆದ ಹಲಗೆ ಇಡಿ, ಪಕ್ಕದಲ್ಲಿ ಚೂರುಗಳು. ಆಗ ಸೊಂಡಿಲಿನ ಬಳುಕು ಬೆರಳಿಗೇ ಸಿಗುತ್ತದೆ, ಕೋರೆಯ ಆಕಾರದ ಬಿಳಿ ಚೂರನ್ನು ಅದರ ಗುಳಿಯಲ್ಲಿ ಕೂರಿಸಿ ನೋಡಬಹುದು. ಕಣ್ಣಿರುವ ಮಕ್ಕಳೂ ಅದೇ ಮೇಜಿಗೆ ಮುತ್ತಿಕೊಳ್ಳುತ್ತಾರೆ, ನೋಡಿ. ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಇಸ್ಪೀಟಿನಂಥ ಆಟದ ಎಲೆ, ಅದಕ್ಕೆ ಬೆರಳು ಸಾಲದು, ಅಲ್ಲಿ ಬಣ್ಣವೇ ಎಲ್ಲ, ಪಕ್ಕ ನಿಂತು ಬಾಯಲ್ಲಿ ಬಣ್ಣಿಸಬೇಕು.

ವೀಲ್‌ಚೇರ್ ಒಂದೇ ಅಂದುಕೊಳ್ಳಬೇಡಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೇ 21 ಬಗೆಯ ಅಂಗವೈಕಲ್ಯ ಇದೆ. ಬೆಳಿಗ್ಗೆ ಮೊದಲ ಒಂದು ಗಂಟೆ ಮೈಕ್ ಬಂದ್ ಮಾಡಿ, ಸದ್ದು ತಡೆದುಕೊಳ್ಳಲಾಗದ ಮಕ್ಕಳು ಆಗ ನೆಮ್ಮದಿಯಾಗಿ ಬರಬಹುದು. ಬೆಲೆಯನ್ನು ದೊಡ್ಡ ಅಂಕಿಯಲ್ಲಿ ಬರೆದಿಟ್ಟರೆ ಕಿವಿ ಕೇಳದವರು ಯಾರನ್ನೂ ಕೇಳಬೇಕಿಲ್ಲ. ಸಂಕೇತ ಭಾಷೆ ಬಲ್ಲವರು ಬೇಕಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸುವುದರಿಂದ ಶುರು ಮಾಡಿ.

ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಗೇಟಿನ ಹೊರಗೆ ಉಳಿಯುತ್ತಾರೆ. ಅರ್ಜಿ ಬರೀ ಇಂಗ್ಲಿಷಿನಲ್ಲಿ, ಅದೂ ಆನ್‌ಲೈನ್ ಅಂದರೆ ಮಂಡ್ಯ ಜಿಲ್ಲೆಯ ಕೊಡಿಯಾಲದ ನೇಕಾರರು ಏನು ಮಾಡಬೇಕು? ಕನ್ನಡದಲ್ಲಿ ಕೊಡಿ, ಉರ್ದುವಿನಲ್ಲೂ ಕೊಡಿ, ಫೋನಿನಲ್ಲೇ ಕೇಳಿ ನೀವೇ ತುಂಬಿದರೂ ಆಯಿತು. ಬಾಡಿಗೆಯನ್ನು ಮುಂಗಡ ಕೇಳದೆ ಮಾರಾಟ ಆದಮೇಲೆ ತಗೊಳ್ಳಿ. ಮಗುವಿಗೆ ಹಾಲುಣಿಸಲು ಪರದೆ ಹಾಕಿದ ಒಂದು ಮೂಲೆ, ಫ್ಯಾನು, ಕುರ್ಚಿ ಇರಲಿ. ಮಂಡ್ಯ ಕಡೆಗೆ ಹೋಗುವ ಹೆಂಗಸರು ಕೊನೆಯ ಬಸ್ಸಿಗೆ ಮುಂಚೆ ಮಳಿಗೆ ಮುಚ್ಚಿದರೆ ದಂಡ ಹಾಕಬೇಡಿ.

ಕೊನೆಗೆ ಕರಪತ್ರ. 'ಎಲ್ಲರಿಗೂ ಸುಸ್ವಾಗತ' ಅಂತ ಸುಮ್ನೆ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇಳಿಜಾರು ಇದೆ, ಬ್ರೈಲ್ ಇಲ್ಲ, ಸದ್ದಿಲ್ಲದ ಹೊತ್ತು ಹತ್ತರಿಂದ ಹನ್ನೊಂದು ಅಂತ ಇದ್ದದ್ದು ಇದ್ದ ಹಾಗೆ ಬರೆದು, ಕೆಳಗೆ ಒಂದು ಫೋನ್ ನಂಬರ್ ಕೊಡಿ. ನಮ್ಮ ಅತ್ತೆಯಂಥವರು ಮನೆಯಿಂದ ಹೊರಡುವ ಮುಂಚೆ ಆ ನಂಬರಿಗೆ ಫೋನ್ ಮಾಡಿ, ಗೇಟಿನ ಹತ್ತಿರ ಮೆಟ್ಟಿಲು ಇದೆಯಾ ಅಂತ ಕೇಳಬಹುದು.