ನಸುಕಿನಲ್ಲಿ ಮಾಹಿತಿ ನಿಲ್ಲಿಸುತ್ತಿದ್ದ ಹವಾಮಾನ ಬೋಯ್: ನನ್ನ ಅನುಭವ

ಅರಬ್ಬೀ ಸಮುದ್ರದಲ್ಲಿ ಲಂಗರು ಹಾಕಿದ್ದ ನಮ್ಮ ಹವಾಮಾನ ಬೋಯ್ (ಗಾಳಿ, ಅಲೆ, ವಾಯುಭಾರಗಳನ್ನು ಅಳೆದು ಉಪಗ್ರಹದ ಮೂಲಕ ಕಳುಹಿಸುವ ತೇಲುವ ಉಪಕರಣ), ಮುಂಗಾರು ಮುಗಿದ ಮೇಲೆ ಪ್ರತಿದಿನ ನಸುಕಿನಲ್ಲಿ ಮಾಹಿತಿ ಕಳುಹಿಸುವುದನ್ನು ನಿಲ್ಲಿಸಿ, ಬಿಸಿಲೇರಿದ ನಂತರ ತಾನಾಗಿಯೇ ಮತ್ತೆ ಆರಂಭಿಸುತ್ತಿತ್ತು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವು ಕೇರಳ, ತಮಿಳುನಾಡಿನ ಮೀನುಗಾರರನ್ನು ಕಡಲಿನಲ್ಲೇ ಹಿಡಿದುದನ್ನು ಬಲ್ಲವರಿಗೆ, ವಾಯುಭಾರದ ದಾಖಲೆಯಲ್ಲಿ ಕೆಲವು ಗಂಟೆಗಳು ಖಾಲಿ ಉಳಿಯುವುದು ಸಣ್ಣ ಸಂಗತಿಯಲ್ಲ.

ಉಪಗ್ರಹ ಸಂಪರ್ಕದ ದೋಷವಿರಬಹುದೆಂಬ ಮಾತು ಮೊದಲು ಬಂದಿತು. ಆದರೆ ಗಾಳಿ, ಅಲೆಗಳ ಮಾಹಿತಿಯೊಂದಿಗೇ ಬರುವ ಬ್ಯಾಟರಿ ವೋಲ್ಟೇಜನ್ನು ಗಂಟೆವಾರು ಜೋಡಿಸಿ ನೋಡಿದಾಗ, ಮೋಡವಿಲ್ಲದ ದಿನವೂ ಅದು ಪೂರ್ಣ ಮಟ್ಟಕ್ಕೇರದೆ, ರಾತ್ರಿಯಿಡೀ ಕುಸಿಯುತ್ತಾ, ಪ್ರಸಾರ ಸ್ಥಗಿತಗೊಳ್ಳುವ ಮಿತಿಯನ್ನು ಬೆಳಗಿನ ಜಾವಕ್ಕೆ ಮುಟ್ಟುತ್ತಿದ್ದುದು ಸ್ಪಷ್ಟವಾಯಿತು.

ಕಡಲು ಶಾಂತವಾದಾಗ ಹಡಗಿನಲ್ಲಿ ಹೋಗಿ ನೋಡಿದರೆ, ಸೌರಫಲಕಗಳ ಮೇಲೆ ಹಕ್ಕಿಗಳ ಹಿಕ್ಕೆ ದಪ್ಪಗೆ ಕಟ್ಟಿತ್ತು. ಅದನ್ನು ಸಿಹಿನೀರಿನಿಂದ ತೊಳೆದ ಮೇಲೂ ಒಂದು ಫಲಕದಿಂದ ವಿದ್ಯುತ್ ಬರಲಿಲ್ಲ. ಮಲ್ಟಿಮೀಟರ್ ಹಿಡಿದು ತಂತಿಯುದ್ದಕ್ಕೂ ಹುಡುಕಿದಾಗ, ಬಿರುಕು ಬಿಟ್ಟ ರಬ್ಬರ್ ಸೀಲಿನೊಳಗೆ ಉಪ್ಪುನೀರು ಸೇರಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಿಲುಬನ್ನು ಉಜ್ಜಿ ತೆಗೆಯುವುದು ಸುಲಭವಾದರೂ ತಂತಿಯ ಎಳೆಗಳೊಳಗೆ ಇಳಿದ ಉಪ್ಪು ಮತ್ತೆ ಕೊರೆಯತೊಡಗುತ್ತದೆ. ಆದ್ದರಿಂದ ಹಾಳಾದ ಭಾಗವನ್ನೇ ಕತ್ತರಿಸಿ, ಹೊಸ ಕನೆಕ್ಟರ್ ಜೋಡಿಸಿ, ಸೀಲಿಗೆ ಸಿಲಿಕೋನ್ ಗ್ರೀಸ್ ಸವರಿ, ನೀರು ಕನೆಕ್ಟರಿನತ್ತ ಹರಿಯದೆ ಕೆಳಗೆ ತೊಟ್ಟಿಕ್ಕುವಂತೆ ತಂತಿಯನ್ನು ಬಾಗಿಸಿ ಕಟ್ಟಿದೆವು. ಹಕ್ಕಿಗಳು ಕೂರದಂತೆ ಚೂಪು ಕಡ್ಡಿಗಳನ್ನೂ, ಫಲಕದ ಮೇಲೆ ನೆರಳು ಬೀಳದ ಹಾಗೆ, ಅಳವಡಿಸಿದೆವು.

ಈಗ ನಸುಕಿನ ಮಾಹಿತಿ ತಪ್ಪದೆ ಬರುತ್ತಿದೆ. ಉಳಿದ ಫಲಕಗಳ ಸೀಲುಗಳೂ ಅಷ್ಟೇ ಹಳೆಯವಾದ್ದರಿಂದ, ಮುಂದಿನ ಮುಂಗಾರಿಗೆ ಮುನ್ನ ಅವೆಲ್ಲವನ್ನೂ ಬದಲಿಸಲಿದ್ದೇವೆ.