ಮೊದಲು ನನ್ನ ಚೀಟಿ

ಕೊಪ್ಪಳ ಜಿಲ್ಲೆಯಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಬಂದವರು ನಿದ್ದೆ ಇಲ್ಲ, ತಲೆ ಜಡ, ಎದೆ ಡವಡವ ಅಂತಲೇ ಮಾತು ಶುರು ಮಾಡುತ್ತಾರೆ. ಕೆಲವರ ಒಳಗೆ ಇರುವುದೇ ಬೇರೆ. ಬೇಡವೆಂದರೂ ತಲೆಗೆ ನುಗ್ಗುವ, ಹೊಲಸು ಅನ್ನಿಸುವ, ಭಯ ಹುಟ್ಟಿಸುವ ವಿಚಾರಗಳು. ಅದನ್ನು ಗಂಡನಿಗೂ ಹೇಳಿರುವುದಿಲ್ಲ.

‘ಕೆಟ್ಟ ವಿಚಾರ ಬರ್ತಾವೇನು?’ ಅಂತ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಪಕ್ಕದಲ್ಲಿ ಅತ್ತೆ ಕೂತಿರುವಾಗ ಯಾರು ಅಂದಾರು? ಹಾಗಾಗಿ ಕೇಳುವುದನ್ನು ಬಿಟ್ಟು ನಾನೇ ಹೇಳಲು ಶುರು ಮಾಡಿದೆ. ಅತ್ತೆಯನ್ನು ಚಹಾ ಕುಡಿಯಲು ಕಳಿಸಿ ಬಾಣಂತಿಗೆ ಹೀಗೆ ಹೇಳುತ್ತೇನೆ: ‘ಕೂಸು ಎತ್ತಿಕೊಂಡು ಕಾಲುವೆ ಸೇತುವೆ ಮೇಲೆ ಹೋಗುವಾಗ, ಕೈ ಬಿಟ್ಟುಬಿಟ್ಟರೆ ಅಂತ ತಲೆಗೆ ಬರ್ತದ. ಈಳಿಗಿ ಮುಂದೆ ಕೂತಾಗ, ಕೂಸಿಗೆ ಏನಾದ್ರೂ ಮಾಡಿಬಿಟ್ಟೆ ಅಂದ್ರ ಅಂತ ಬರ್ತದ. ಬಹಳ ತಾಯಂದಿರಿಗೆ ಬರ್ತದ. ನನಗೂ ಬಂದಿತ್ತು.’ ಕರೆಂಟ್ ಬಿಲ್ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಬೇಕು. ಮುಖ ಸಣ್ಣದು ಮಾಡಿಕೊಂಡು, ಪಾಪ ಅನ್ನುವ ದನಿಯಲ್ಲಿ ಹೇಳಿದರೆ ಇದೇನೋ ದೊಡ್ಡ ಅಪರಾಧ ಅಂತಲೇ ಅವರಿಗೆ ಖಾತ್ರಿಯಾಗುತ್ತದೆ. ‘ನಾಚಿಕೆ ಪಡಬೇಡಿ’ ಎಂಬ ಮಾತನ್ನಂತೂ ನಾನು ಬಳಸುವುದೇ ಇಲ್ಲ. ಅದು ನಾಚಿಕೆಯನ್ನೇ ನೆನಪಿಸುತ್ತದೆ.

ಆಮೇಲೆ ಇದನ್ನೇ ಆಶಾ ಕಾರ್ಯಕರ್ತೆಯರ ಸಭೆಗೆ ಒಯ್ದೆ. ಮನೆಮನೆಗೆ ಹೋಗುವವರು ಅವರೇ ತಾನೆ? ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಒಂದೇ ಅಳತೆಯ ಚೀಟಿ ಕೊಟ್ಟೆ. ಬೇಡದಿದ್ದರೂ ತಲೆಗೆ ಬಂದ ಒಂದು ವಿಚಾರ ಬರೆಯಿರಿ, ಹೆಸರು ಬೇಡ. ಬರೆಯಲು ಇಷ್ಟ ಇಲ್ಲದವರು ಖಾಲಿ ಚೀಟಿಯನ್ನೇ ಮಡಚಿ ಹಾಕಬಹುದು. ಮೊದಲು ಓದಿದ್ದು ನನ್ನ ಚೀಟಿ, ನನ್ನದು ಅಂತ ಹೇಳಿಯೇ ಓದಿದೆ. ಉಳಿದವು ಒಂದೊಂದಾಗಿ ಹೊರಬಂದವು. ಹುಲಿಗೆಮ್ಮನ ಮುಂದೆ ಕೈ ಮುಗಿದು ನಿಂತಾಗ ಬಾಯಿಗೆ ಬರುವ ಹೊಲಸು ಬೈಗುಳ. ಅಣ್ಣನಂಥವರ ಬಗ್ಗೆ ಬಂದ ಅಸಹ್ಯ ಚಿತ್ರ. ರೈಲು ಬರುವಾಗ ಹಾರಿಬಿಟ್ಟರೆ ಎಂಬ ಒಂದು ಕ್ಷಣ. ಒಂದು ಚೀಟಿಯಲ್ಲಿ ‘ಅತ್ತೆಯ ಕುತ್ತಿಗೆ ಹಿಸುಕಬೇಕು ಅನಿಸುತ್ತದೆ’ ಅಂತಿತ್ತು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅಲ್ಲೇ ಒಂದು ಮಾತು ಬಿಡಿಸಿ ಹೇಳಿದೆ. ಇದು ಸಿಟ್ಟು, ಇದರ ಹಿಂದೆ ಜಗಳ ಇರಬಹುದು, ಇದಕ್ಕೆ ಬೇರೆ ಮಾತುಕತೆ ಬೇಕು. ನಾವು ಹೇಳುತ್ತಿರುವ ಬೇಡದ ವಿಚಾರ ಹಾಗಲ್ಲ, ಅದು ಯಾರ ತಲೆಗೆ ಬಂತೋ ಅವರೇ ಬೆಚ್ಚಿಬೀಳುತ್ತಾರೆ.

ಸಭೆಗೆ ಒಂದು ಲೆಕ್ಕವನ್ನೂ ಕೊಟ್ಟೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದ್ದರು. ಇರಾನ್, ಟರ್ಕಿ, ಇಟಲಿಯವರೂ ಇದ್ದರು. ಮೂರು ತಿಂಗಳಲ್ಲಿ ಇಂಥ ಒಂದಾದರೂ ವಿಚಾರ ಬಂದಿದೆ ಅಂದವರು ನೂರಕ್ಕೆ ಸುಮಾರು 94. ಹಿಂದಿನ ಸಾಲಿನಿಂದ ಒಬ್ಬಾಕೆ, ‘ಹಂಗಾರ ಉಳಿದ ಆರು ಮಂದಿ ಸುಳ್ಳು ಹೇಳ್ಯಾರ ಬಿಡ್ರಿ ಅಕ್ಕೋರೆ’ ಅಂದಳು.

ಬಂದದ್ದನ್ನು ಓಡಿಸಲು ಹೋದರೆ ಯಾಕೆ ಜಾಸ್ತಿಯಾಗುತ್ತದೆ ಅಂತ ತಿಳಿಸಲು ನನಗೆ ಹೆಚ್ಚು ಕಷ್ಟವಾಗಲಿಲ್ಲ. ಮದ್ದು ಕುಡಿಯುವಾಗ ಮಂಗನ ನೆನೆಯಬೇಡ ಅನ್ನುವ ಮಾತು ಎಲ್ಲರಿಗೂ ಗೊತ್ತು. ಅಂಜನಾದ್ರಿ ಪಕ್ಕದವರಿಗೆ ಮಂಗ ಮರೆಯಿರಿ ಅಂದರೆ ಆದೀತೇ?

ಕಷ್ಟವಾದದ್ದು ಮನೆಯವರ ಸಮಾಧಾನ ಮತ್ತು ಹರಕೆ ಬಿಡಿಸುವುದು. ‘ನಾನು ಹಂಗ ಮಾಡಂಗಿಲ್ಲ ಅಲ್ವಾ?’ ಅಂತ ಬಾಣಂತಿ ಕೇಳುತ್ತಾಳೆ, ಗಂಡ ‘ಇಲ್ಲ’ ಅನ್ನುತ್ತಾನೆ. ಐದು ನಿಮಿಷ ನೆಮ್ಮದಿ. ಮತ್ತೆ ಕೇಳುತ್ತಾಳೆ. ದೇವರ ಬಗ್ಗೆ ಕೆಟ್ಟ ವಿಚಾರ ಬಂದಾಗಲೆಲ್ಲ ಕೆನ್ನೆ ಬಡಿದುಕೊಳ್ಳುವುದು, ದೀಡ ನಮಸ್ಕಾರಕ್ಕೆ ಹರಕೆ ಹೊರುವುದೂ ಹೀಗೇ. ಬೇಡದ ವಿಚಾರ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ, ಇವು ಬಿಡದೆ ಕಾಡುವುದೇ ಗೀಳು ಕಾಯಿಲೆ (ಒಸಿಡಿ). ಅದು ಗಟ್ಟಿಯಾಗುವುದು ಈ ಸುತ್ತಿನಲ್ಲೇ. ಗಂಡಂದಿರಿಗೆ ಒಂದು ಉತ್ತರ ಕಲಿಸಿದೆ: ‘ಮತ್ತ ಬಂತಾ? ಬರಲಿ. ಬಾ, ಊಟ ಮಾಡೋಣ.’ ಹಳ್ಳಿಯ ಒಬ್ಬ ಪೂಜಾರಿಯನ್ನೂ ಕಂಡು, ಇಂಥವರಿಗೆ ಹೊಸ ಹರಕೆ ಹೇಳಬೇಡಿ, ನಮ್ಮ ಹತ್ತಿರ ಕಳಿಸಿ ಅಂತ ಕೇಳಿಕೊಂಡೆ. ಒಪ್ಪಿದರು. ಗಾಳಿ ಸೋಕಿದೆ ಅಂತ ತಾಯತ ಕಟ್ಟುವವರ ಹತ್ತಿರ ಮಾತ್ರ ನನ್ನ ಮಾತು ನಡೆದಿಲ್ಲ.

ಎಲ್ಲವನ್ನೂ ‘ಸಹಜ’ ಅಂತ ಬಿಟ್ಟುಬಿಡುವಂತಿಲ್ಲ. ಆಶಾ ಅಕ್ಕಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಾಣಂತಿಗೆ ಯಾರೋ ಹೇಳಿಕೊಟ್ಟಂತೆ ದನಿ ಕೇಳಿಸುತ್ತಿದ್ದರೆ, ಮಾತು ಎಲ್ಲೆಲ್ಲೋ ಹೋಗುತ್ತಿದ್ದರೆ, ಅಥವಾ ಯಾರಿಗೇ ಆಗಲಿ ಸಾಯಬೇಕು ಅಂತ ನಿಜವಾಗಿ ಅನಿಸುತ್ತಿದ್ದರೆ ಅವತ್ತೇ ವೈದ್ಯರ ಹತ್ತಿರ ಕರೆತರಬೇಕು, ಒಬ್ಬರನ್ನೇ ಬಿಡಬಾರದು. ಬೇಡದ ವಿಚಾರವೇ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುತ್ತಿದ್ದರೆ, ಕೆಲಸ ಕೆಡಿಸುತ್ತಿದ್ದರೆ ಮಂಗಳವಾರ ಬರಲಿ. ಮನೋವೈದ್ಯರು ಫ್ಲುಯೊಕ್ಸೆಟಿನ್ ತರಹದ ಮಾತ್ರೆ ಬರೆಯಬಹುದು. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಬೇಕಾಗಬಹುದು. ನಮ್ಮ ಜನ ಎರಡನೇ ವಾರಕ್ಕೇ ನಿಲ್ಲಿಸಿಬಿಡುತ್ತಾರೆ. ಆಸ್ಪತ್ರೆ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಡುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಹೋಗುವುದಿಲ್ಲ.

ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಸಿಗಬೇಕು ಅನ್ನುವುದು ನಮ್ಮ ಕಡೆಗೆ ಹೊಸದೇನಲ್ಲ. 1985ರಲ್ಲಿ ನಿಮ್ಹಾನ್ಸ್ ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ಈ ಪ್ರಯೋಗ ಮಾಡಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಗಂಡಸರನ್ನು ತಲುಪುವ ದಾರಿ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಗಂಗಾವತಿ ಕಡೆ ಭತ್ತದ ಲಾರಿ ಓಡಿಸುವ ಒಬ್ಬರು ಸೊಂಟನೋವು ಅಂತ ಬಂದಿದ್ದರು. ರಾತ್ರಿ ಗಾಡಿ ಕುಲುಕಿದರೆ ಯಾರಿಗೋ ಗುದ್ದಿದೆನಾ ಅಂತ ಹಿಂದಕ್ಕೆ ಹೋಗಿ ನೋಡಿ ಬರುತ್ತಿದ್ದರಂತೆ, ಒಮ್ಮೆಯಲ್ಲ, ಮತ್ತೆ ಮತ್ತೆ. ಮಾಲೀಕರು ಡೀಸೆಲ್ ಲೆಕ್ಕ ಕೇಳಿದ ಮೇಲೆ ವಿಷಯ ಹೊರಬಂತು. ಈಗ ರೈಸ್ ಮಿಲ್ ಹಮಾಲರ ಹತ್ತಿರ, ಊಟದ ಬಿಡುವಿನಲ್ಲಿ, ಚೀಟಿ ಇಲ್ಲದೆ ಬರೀ ಮಾತಿನಲ್ಲಿ ಇದನ್ನು ಶುರು ಮಾಡಿದ್ದೇನೆ. ಲಾರಿಯವರ ಉದಾಹರಣೆಯನ್ನೇ ಮೊದಲು ಹೇಳುತ್ತೇನೆ, ಅವರ ಒಪ್ಪಿಗೆ ಕೇಳಿಯೇ, ಹೆಸರು ಊರು ಬಿಟ್ಟು.